ಯಂಗ್ ಅಡಲ್ಟ್ ಫ್ಯಾಂಟಸಿ ರೊಮ್ಯಾನ್ಸ್: ಓದುವವರೂ ಓದದವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಹರೆಯದವರು ದಪ್ಪ ದಪ್ಪ ಪುಸ್ತಕಗಳನ್ನು ಬೆಳಗಾಗುವುದರೊಳಗೆ ಮುಗಿಸಿ, ಎರಡನೇ ಭಾಗಕ್ಕಾಗಿ ಹುಡುಕಾಡುವುದನ್ನು ಕಂಡು ಬೆರಗಾದ ಅಪ್ಪ ಅಮ್ಮಂದಿರು, ಶಿಕ್ಷಕರು, ಗ್ರಂಥಪಾಲಕರು ಕೇಳುವ ಪ್ರಶ್ನೆಗಳು ಇಲ್ಲಿವೆ. ಓದುವ ಮಕ್ಕಳೇ ಕೇಳುವ ಪ್ರಶ್ನೆಗಳೂ ಇವೆ. ಈ ಪುಸ್ತಕಗಳೆಂದರೆ ನನಗೆ ಬಹಳ ಇಷ್ಟ. ಒಪ್ಪಿಗೆಯಾಗದ ಕಡೆ ಅದನ್ನೂ ಹೇಳಿದ್ದೇನೆ.

ಇವು ಯಾವ ಬಗೆಯ ಪುಸ್ತಕಗಳು?

ನಾಯಕಿಗೋ ನಾಯಕನಿಗೋ ಸಾಮಾನ್ಯವಾಗಿ 16ರಿಂದ 18 ವರ್ಷ. ಅವರಿರುವ ಲೋಕದಲ್ಲಿ ಮಂತ್ರ, ಶಾಪ, ಅಮರರು, ರೂಪ ಬದಲಿಸುವ ಪ್ರಾಣಿಗಳು ಎಲ್ಲವೂ ನಿಜ. ಪ್ರೇಮವೇ ಕಥೆಯ ಬೆನ್ನೆಲುಬು. ಯುದ್ಧ, ಸಿಂಹಾಸನ, ಭವಿಷ್ಯವಾಣಿ ಏನೇ ಇರಲಿ, ಆ ಇಬ್ಬರ ನಡುವಿನ ಎಳೆಯನ್ನು ಕಿತ್ತರೆ ಕಥೆ ಕುಸಿದುಬೀಳಬೇಕು. ಕುಸಿಯದಿದ್ದರೆ ಅದು ಫ್ಯಾಂಟಸಿ ಕಾದಂಬರಿ, ಅದರಲ್ಲೊಂದಿಷ್ಟು ಪ್ರೇಮವೂ ಇದೆ ಅಷ್ಟೆ.

ಅಮೆರಿಕದ ಗ್ರಂಥಾಲಯಗಳು ಯಂಗ್ ಅಡಲ್ಟ್ ಎಂದು ಗುರುತಿಸುವುದು 12ರಿಂದ 18 ವರ್ಷದ ಓದುಗರನ್ನು. ರೊಮ್ಯಾನ್ಸ್ ಕಾದಂಬರಿಗೆ ಅಲ್ಲಿನ ರೊಮ್ಯಾನ್ಸ್ ಲೇಖಕರ ಸಂಘ ಹೇಳುವ ಲಕ್ಷಣ ಎರಡೇ: ಕಥೆಯ ಕೇಂದ್ರದಲ್ಲಿ ಪ್ರೇಮ ಇರಬೇಕು, ಕೊನೆ ಮನಸ್ಸಿಗೆ ಸಮಾಧಾನ ಕೊಟ್ಟು ಮುಂದಿನ ಬಗ್ಗೆ ಭರವಸೆ ಉಳಿಸಬೇಕು. ಹದಿಹರೆಯದವರ ಸರಣಿಗಳಲ್ಲಿ ಆ ಸಮಾಧಾನ ಸಿಗಲು ಅನೇಕ ಸಲ ಮೂರನೇ ಭಾಗದವರೆಗೆ ಕಾಯಬೇಕು.

ಪ್ರೇಮಕಥೆಯೇ ಬೇಕಿದ್ದರೆ ಮಾಮೂಲಿ ಪ್ರೇಮಕಥೆ ಇದೆಯಲ್ಲ. ಮಾಯಾಲೋಕ ಯಾಕೆ ಬೇಕು?

ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು. ಹದಿನಾರರಲ್ಲಿ ಮೊದಲ ಸಲ ಒಬ್ಬರ ಮೇಲೆ ಮನಸ್ಸಾದಾಗ ಆ ಭಾವನೆ ಇಡೀ ಬದುಕನ್ನೇ ಆವರಿಸಿಕೊಂಡಿರುತ್ತದೆ. ಸುತ್ತಲಿನ ದೊಡ್ಡವರಿಗೆ ಮಾತ್ರ ಅದು "ವಯಸ್ಸಿನ ಆಟ", "ನಾಲ್ಕು ದಿನ ಇದ್ದು ಹೋಗುವಂಥದ್ದು". ಒಳಗೆ ಬೆಟ್ಟದಷ್ಟು, ಹೊರಗೆ ಸಾಸಿವೆಯಷ್ಟು. ಈ ಅಂತರದಲ್ಲಿ ಸಿಕ್ಕಿಕೊಂಡವರಿಗೆ ಮಾಯಾಲೋಕದ ಕಥೆ ಅವರ ಭಾವನೆಗೆ ಸರಿಸಮವಾದ ಜಗತ್ತನ್ನು ಕೊಡುತ್ತದೆ. ಅಲ್ಲಿ ಯಾರನ್ನು ನಂಬಬೇಕು ಎಂಬ ಹುಡುಗಿಯ ತೀರ್ಮಾನದಿಂದ ಒಂದು ಕೋಟೆ ಬೀಳುತ್ತದೆ ಅಥವಾ ಉಳಿಯುತ್ತದೆ. ಅವಳ ಹೂಂ, ಉಹೂಂ ಎರಡಕ್ಕೂ ತೂಕವಿದೆ. ಈ ಪುಸ್ತಕಗಳ ಸೆಳೆತ ಚೆಲುವಾದ ರಾಜಕುಮಾರನಲ್ಲಿದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನನಗೆ ಕಂಡಂತೆ ಅದು ಇರುವುದು ಈ ತೂಕದಲ್ಲಿ.

ಮಾಯಾಲೋಕದಿಂದ ಇನ್ನೊಂದು ಉಪಯೋಗವಿದೆ. ಮನಸ್ಸಿನೊಳಗೆ ಮಸುಕಾಗಿ ನಡೆಯುವ ವ್ಯವಹಾರವನ್ನು ಅದು ಕಣ್ಣಿಗೆ ಕಾಣುವ ನಿಯಮವಾಗಿ ಮಾಡುತ್ತದೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಜನಪದ ಕಥೆಗಳಿಂದ ಬಂದ ಫೇ ಎಂಬ ಅಮರ ಜನರನ್ನೇ ತೆಗೆದುಕೊಳ್ಳಿ. ಇಂದಿನ ಅನೇಕ ಕಾದಂಬರಿಗಳಲ್ಲಿ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ನಾಲಿಗೆಯೇ ಹೊರಳುವುದಿಲ್ಲ. ಆದರೆ ಮಾತು ತಿರುಗಿಸಬಹುದು, ಅರ್ಧ ಹೇಳಿ ಬಿಡಬಹುದು, ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡಬಹುದು. ಅಂಥವನೊಬ್ಬನನ್ನು ನಾಯಕಿ "ನನ್ನನ್ನು ದ್ವೇಷಿಸ್ತೀಯಾ?" ಎಂದು ಕೇಳುತ್ತಾಳೆ ಅನ್ನಿ. ಅವನು "ನಿನ್ನನ್ನು ದ್ವೇಷಿಸೋದಕ್ಕೆ ನನಗೆ ಬೇಕಾದಷ್ಟು ಕಾರಣಗಳಿವೆ" ಅನ್ನುತ್ತಾನೆ. ಸಾಮಾನ್ಯ ಕಾದಂಬರಿಯಲ್ಲಿ ಇದು ಕಹಿ ಮಾತು. ಇಲ್ಲಿ ಓದುಗರು ಎದ್ದು ಕೂರುತ್ತಾರೆ. ಹೌದು ಎನ್ನುವುದು ಅವನಿಂದ ಸಾಧ್ಯವಾಗಲಿಲ್ಲ. ಹೌದು ಎಂದಿದ್ದರೆ ಸುಳ್ಳಾಗುತ್ತಿತ್ತು. ಒಬ್ಬರು ಏನು ಹೇಳಿದರು, ಏನು ಹೇಳದೆ ಉಳಿಸಿಕೊಂಡರು ಎಂದು ತೂಗಿ ನೋಡುವ ಕೆಲಸವನ್ನು ಹದಿಹರೆಯದವರು ದಿನವಿಡೀ, ಬಂದ ಪ್ರತಿ ಮೆಸೇಜಿನ ಜೊತೆಗೂ ಮಾಡುತ್ತಿರುತ್ತಾರೆ. ಈ ಕಥೆ ಆ ಜಾಣ್ಮೆಗೆ ಬೆಲೆ ಕೊಡುತ್ತದೆ.

ಶತ್ರುವೇ ಪ್ರಿಯಕರನಾಗುವ ಕಥೆ ಯಾಕೆ ಇಷ್ಟು ಹಿಡಿಸುತ್ತದೆ?

ಎನಿಮೀಸ್ ಟು ಲವರ್ಸ್ ಎಂದು ಓದುಗರು ಕರೆಯುವ ಟ್ರೋಪ್, ಅಂದರೆ ಮತ್ತೆ ಮತ್ತೆ ಬರುವ ಕಥೆಯ ಅಚ್ಚು, ಇದು. ಬಹುಶಃ ಈ ಪ್ರಕಾರದಲ್ಲಿ ಇದಕ್ಕಿರುವಷ್ಟು ಬೇಡಿಕೆ ಬೇರೆ ಯಾವುದಕ್ಕೂ ಇಲ್ಲ. ಚೆನ್ನಾಗಿ ಬರೆದಾಗ ಏನಾಗುತ್ತದೆ ಎಂಬುದಕ್ಕೆ ಒಂದು ದೃಶ್ಯ ಕಟ್ಟಿ ತೋರಿಸುತ್ತೇನೆ.

ನಾಯಕಿ ಸೋತ ರಾಜ್ಯದವಳು, ಸೆರೆಯಾಳು. ಅವಳನ್ನು ಗಡಿ ದಾಟಿಸುವ ಹೊಣೆ ಗೆದ್ದವರ ಕಡೆಯ ಯುವಕನದು. ಕಣಿವೆಯಲ್ಲಿ ದಾಳಿಯಾಗುತ್ತದೆ, ಅವನ ಭುಜಕ್ಕೆ ಬಾಣ ತಗಲುತ್ತದೆ. ಗಾಯ ಕಟ್ಟಲು ಬಟ್ಟೆ ಬೇಕು. ಅವನು ತನ್ನ ಸೊಂಟದ ಚಾಕು ತೆಗೆದು, ಹಿಡಿ ಅವಳ ಕಡೆ ಬರುವಂತೆ ಚಾಚುತ್ತಾನೆ: "ತೋಳು ಹರಿ." ಅವಳು ಅಂಗಿಯ ತೋಳನ್ನು ಕತ್ತರಿಸುತ್ತಾಳೆ. ಬಟ್ಟೆ ಬಿಗಿಯುವಾಗ ಅವನ ಉಸಿರು ತಡೆದು ನಿಲ್ಲುತ್ತದೆ. ಅವಳಿಗೆ ಅದು ಕೇಳಿಸುತ್ತದೆ. ಕೆಲಸ ಮುಗಿದ ಮೇಲೆ ಚಾಕು ಇನ್ನೂ ಅವಳ ಕೈಯಲ್ಲೇ ಇದೆ. ಅವನು ವಾಪಸ್ ಕೇಳುವುದಿಲ್ಲ. ಅವಳೂ ಕೊಡುವುದಿಲ್ಲ. ಇಬ್ಬರೂ ಮುಂದಕ್ಕೆ ನಡೆಯುತ್ತಾರೆ.

ಇಲ್ಲಿ ಒಂದು ಪ್ರೇಮದ ಮಾತಿಲ್ಲ. ಆದರೆ ಅಧಿಕಾರ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿದೆ, ಅದನ್ನು ಕೊಟ್ಟವನಿಗೂ ಪಡೆದವಳಿಗೂ ಗೊತ್ತಿದೆ. ಮುಂದಿನ ನೂರು ಪುಟ ಓದುಗರು ಆ ಚಾಕುವನ್ನೇ ನೆನಪಿಟ್ಟುಕೊಂಡಿರುತ್ತಾರೆ. ಶತ್ರುವಾಗಿದ್ದವನಿಂದ ಬರುವ ಮೆಚ್ಚುಗೆಯಲ್ಲಿ ಮುಖಸ್ತುತಿ ಇರಲಾರದು ಎಂಬ ನೆಮ್ಮದಿಯೂ ಇದರಲ್ಲಿದೆ. ಅವನು ನಾಯಕಿಯ ಸಿಟ್ಟು, ಹಟ, ಕೆಟ್ಟ ತೀರ್ಮಾನ ಎಲ್ಲವನ್ನೂ ನೋಡಿಯಾಗಿದೆ. "ನನ್ನ ಕೆಟ್ಟ ಗುಣವೆಲ್ಲ ಗೊತ್ತಿದ್ದೂ ಒಬ್ಬರು ಉಳಿದುಕೊಳ್ಳುತ್ತಾರಾ?" ಎಂಬ ಪ್ರಶ್ನೆ ಆ ವಯಸ್ಸಿನಲ್ಲಿ ತುಂಬ ನೋಯಿಸುತ್ತದೆ.

ಕೆಟ್ಟದಾಗಿ ಬರೆದಾಗ ಶತ್ರುತ್ವ ಬರೀ ಜಗಳಗಂಟತನವಾಗುತ್ತದೆ. ಒಬ್ಬರಿಗೊಬ್ಬರು ಚುಚ್ಚು ಮಾತಾಡುತ್ತಾರೆ, ಯಾಕೆಂದು ಯಾರಿಗೂ ಗೊತ್ತಿರುವುದಿಲ್ಲ. ಇಬ್ಬರ ಹಗೆಗೂ ನಿಜವಾದ ಕಾರಣ ಇರಬೇಕು, ಆ ಕಾರಣವನ್ನು ಪ್ರೇಮ ಎದುರಿಸಲೇಬೇಕು. ನಾಯಕಿಯ ಊರನ್ನೇ ಸುಟ್ಟವನಾದರೆ ಒಂದು ಮುತ್ತಿನಲ್ಲಿ ಅದು ಮರೆಯಾಗಬಾರದು.

ಅದೇ ರಾಜಕುಮಾರ, ಅದೇ ಶಾಪ, ಅದೇ ಕೊನೆ. ಗೊತ್ತಿದ್ದೂ ಯಾಕೆ ಓದುತ್ತಾರೆ?

ಕೊನೆಗೆ ಇಬ್ಬರೂ ಒಂದಾಗುತ್ತಾರೆ ಎಂಬುದು ಗೊತ್ತಿರುವುದರಿಂದಲೇ ನಡುವಿನ ಭಯವನ್ನು ಪೂರ್ತಿಯಾಗಿ ಅನುಭವಿಸಲು ಧೈರ್ಯ ಬರುತ್ತದೆ. ಕೈಬಿಡುವುದಿಲ್ಲ ಎಂದು ಪುಸ್ತಕ ಮೊದಲೇ ಮಾತು ಕೊಟ್ಟಿದೆ. ಪತ್ತೇದಾರಿ ಕಾದಂಬರಿ ಓದುವವರಿಗೂ ಕೊಲೆಗಾರ ಸಿಕ್ಕೇ ಸಿಗುತ್ತಾನೆಂದು ಗೊತ್ತು. ಹೇಗೆ ಸಿಗುತ್ತಾನೆ ಎಂದು ನೋಡಲು ಅವರು ಓದುತ್ತಾರೆ. ಇಲ್ಲೂ ಹಾಗೆ. ಎಷ್ಟು ತಡವಾಗಿ, ಯಾರು ಮೊದಲು ಸೋತು, ಯಾವ ಮಾತಿನಿಂದ ಎಂಬುದರಲ್ಲಿ ರುಚಿಯಿದೆ. ಸ್ಲೋ ಬರ್ನ್, ಅಂದರೆ ನಿಧಾನವಾಗಿ ಕಾವೇರುವ ಪ್ರೇಮ, ಇಷ್ಟಪಡುವವರಿಗೆ ಮುನ್ನೂರು ಪುಟ ಕಾದ ಮೇಲೆ ಬೆರಳು ಬೆರಳಿಗೆ ತಗಲಿದರೂ ಸಾಕು, ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ.

ಒಂದೇ ಅಚ್ಚಿನ ಪುಸ್ತಕಗಳು ಬಹಳ ಬರುತ್ತವೆ ಎಂಬ ದೂರು ಮಾತ್ರ ನಿಜ. ಒಂದು ಗೆದ್ದರೆ ಪ್ರಕಾಶಕರು ಅಂಥವೇ ಹತ್ತು ತರುತ್ತಾರೆ.

ಇದು ಈಗ ಬಂದ ಚಾಳಿಯೇ?

ಹೆಸರು, ಮಾರಾಟದ ಅಬ್ಬರ ಈಗಿನದು. ಕಥೆ ಬಹಳ ಹಳೆಯದು. 2ನೇ ಶತಮಾನದಲ್ಲಿ ಅಪುಲೇಯಸ್ ಬರೆದ ಲ್ಯಾಟಿನ್ ಕೃತಿಯೊಂದರ ಒಳಗೆ ಕ್ಯುಪಿಡ್ ಮತ್ತು ಸೈಕಿಯ ಕಥೆ ಬರುತ್ತದೆ. ಗಂಡ ಕತ್ತಲಲ್ಲಷ್ಟೇ ಬರುತ್ತಾನೆ, ಮುಖ ನೋಡಬಾರದೆಂದು ಕಟ್ಟಪ್ಪಣೆ. ಸೈಕಿ ದೀಪ ಹಿಡಿದು ನೋಡುತ್ತಾಳೆ, ಬಿಸಿ ಎಣ್ಣೆಯ ಹನಿ ಅವನ ಭುಜ ಸುಡುತ್ತದೆ, ಅವನು ಹೊರಟುಹೋಗುತ್ತಾನೆ. ಅವನನ್ನು ಮರಳಿ ಪಡೆಯಲು ಅವಳು ಪಾತಾಳಕ್ಕೂ ಇಳಿಯಬೇಕಾಗುತ್ತದೆ. ಇಂದಿನ ಅರ್ಧದಷ್ಟು ಕಾದಂಬರಿಗಳು ಇದೇ ದಾರಿಯಲ್ಲಿ ನಡೆಯುತ್ತವೆ.

ಕನ್ನಡದವರಿಗೆ ಇದು ಹೊಸದೇನಲ್ಲ. 7ನೇ ಶತಮಾನದಲ್ಲಿ ಬಾಣ ಸಂಸ್ಕೃತದಲ್ಲಿ ಬರೆದ, ನಾಗವರ್ಮ ಕನ್ನಡಕ್ಕೆ ತಂದ 'ಕಾದಂಬರಿ' ಎಂಬ ಕೃತಿಯನ್ನು ನೆನಪಿಸಿಕೊಳ್ಳಿ. ಶಾಪಕ್ಕೆ ಸಿಕ್ಕಿ ಭೂಮಿಯಲ್ಲಿ ಚಂದ್ರಾಪೀಡನಾಗಿ ಹುಟ್ಟಿದ ಚಂದ್ರ, ಸತ್ತ ಪ್ರಿಯಕರ ಮರಳಿ ಬರುತ್ತಾನೆಂಬ ನಂಬಿಕೆಯಲ್ಲಿ ಅಚ್ಛೋದ ಸರೋವರದ ದಡದಲ್ಲಿ ತಪಸ್ಸು ಮಾಡುತ್ತ ಕೂತ ಮಹಾಶ್ವೇತೆ, ಕೊಳೆಯದೆ ಉಳಿದ ಚಂದ್ರಾಪೀಡನ ದೇಹವನ್ನು ಕಾಯುವ ಕಾದಂಬರಿ ಎಂಬ ನಾಯಕಿ. ಹಿಂದಿನ ಜನ್ಮದ ಪ್ರೇಮಿಯೊಬ್ಬ ಗಿಳಿಯಾಗಿ ಹುಟ್ಟಿ, ಆ ಗಿಳಿಯೇ ಕಥೆ ಹೇಳುತ್ತದೆ. ಜನ್ಮ ಜನ್ಮಕ್ಕೂ ಬಿಡದ ಬಂಧದ ಕಥೆ ಇಂಗ್ಲಿಷ್ ಪುಸ್ತಕದಲ್ಲಿ ಬಂದರೆ ನಮ್ಮ ಮಕ್ಕಳಿಗೆ ಒಗ್ಗಿಹೋಗುವುದರಲ್ಲಿ ಅಚ್ಚರಿಯಿಲ್ಲ.

ಸುಂದರಿ ಮತ್ತು ಮೃಗದ ಕಥೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ವಿಲ್‌ನವ್ ಎಂಬ ಫ್ರೆಂಚ್ ಲೇಖಕಿ ಅದನ್ನು 1740ರಲ್ಲಿ ಉದ್ದವಾಗಿ ಬರೆದಳು. 1756ರಲ್ಲಿ ಬೋಮಾಂಟ್ ಎಂಬಾಕೆ ಅದನ್ನು ಚಿಕ್ಕದು ಮಾಡಿ, ಎಳೆಯ ಹುಡುಗಿಯರಿಗೆಂದೇ ಪ್ರಕಟಿಸಿದ ಪುಸ್ತಕದಲ್ಲಿ ಸೇರಿಸಿದಳು. ಅದರಲ್ಲಿ ಮೃಗ ದಿನಾ ರಾತ್ರಿ ಬಂದು "ನನ್ನ ಹೆಂಡತಿಯಾಗುತ್ತೀಯಾ?" ಎಂದು ಕೇಳುತ್ತದೆ, ಅವಳು ಆಗುವುದಿಲ್ಲ ಅನ್ನುತ್ತಾಳೆ. ಮೃಗ ನಿಟ್ಟುಸಿರಿಟ್ಟು ಹೊರಟುಹೋಗುತ್ತದೆ. ಕೋಟೆ ಅದರದು, ಬಲ ಅದರದು, ಆದರೂ ಅವಳ ಉತ್ತರಕ್ಕೆ ತಲೆಬಾಗುತ್ತದೆ. ಅಪ್ಪನನ್ನು ನೋಡಿಬರಲು ಬಿಡುತ್ತದೆ. ಅವಳೇ ಮನಸ್ಸು ಮಾಡಿ ಮರಳಿ ಬಂದು ಒಪ್ಪಿದಾಗಷ್ಟೇ ಶಾಪ ಕಳಚುತ್ತದೆ. ಹುಡುಗಿಯ ಒಪ್ಪಿಗೆಯಲ್ಲದೆ ಬೇರೆ ಯಾವುದರಿಂದಲೂ ಮುರಿಯದ ಮಂತ್ರ! ಬಂಧನದಲ್ಲಿಟ್ಟವನನ್ನೇ ಪ್ರೀತಿಸುವ ಕಥೆ ಎಂದು ಇದನ್ನು ದೂರುವವರಿದ್ದಾರೆ, ದೂರಿನಲ್ಲಿ ಹುರುಳಿದೆ. ಆದರೂ ದಿನಾ ರಾತ್ರಿಯ ಆ ಪ್ರಶ್ನೆ, ಆ ಉತ್ತರ ಇರುವುದರಿಂದಲೇ ಕಥೆ ಇಷ್ಟು ಕಾಲ ಬದುಕಿದೆ ಎಂದು ನಾನು ನಂಬಿದ್ದೇನೆ. ರಾಬಿನ್ ಮೆಕಿನ್ಲಿ 1978ರಲ್ಲಿ ಇದೇ ಕಥೆಯನ್ನು ಹದಿಹರೆಯದವರ ಕಾದಂಬರಿಯಾಗಿ ಮತ್ತೆ ಬರೆದರು. 2005ರಲ್ಲಿ ಬಂದ, ರಕ್ತಪಿಶಾಚಿಯ ಪ್ರೇಮದ ಕಾದಂಬರಿ ಟ್ವೈಲೈಟ್ ಈ ಬಗೆಯ ಓದುಗರು ಎಷ್ಟು ದೊಡ್ಡ ಸಂಖ್ಯೆಯಲ್ಲಿದ್ದಾರೆ ಎಂದು ಪ್ರಕಾಶಕರಿಗೆ ತೋರಿಸಿಕೊಟ್ಟಿತು.

ಈ ಕಥೆಗಳಲ್ಲಿ ಅಪ್ಪ ಅಮ್ಮ ಯಾಕೆ ಇರುವುದೇ ಇಲ್ಲ?

ಇದ್ದರೆ ತೀರ್ಮಾನ ಅವರೇ ತೆಗೆದುಕೊಂಡುಬಿಡುತ್ತಾರೆ. ಲೇಖಕರು ಅವರನ್ನು ಸಾಯಿಸುತ್ತಾರೆ, ದೂರ ಕಳಿಸುತ್ತಾರೆ, ಇಲ್ಲವೇ ಅವರಿಂದಲೇ ಒಂದು ದೊಡ್ಡ ಸುಳ್ಳು ಹೇಳಿಸುತ್ತಾರೆ. ಹುಡುಗಿ ತಾನೇ ಹೊಣೆ ಹೊರಬೇಕಾದ ಸ್ಥಿತಿ ತರಲು ಇದೊಂದು ಉಪಾಯ. ನಿಮ್ಮ ಮಕ್ಕಳಿಗೆ ನೀವು ಬೇಡವಾಗಿದ್ದೀರಿ ಎಂದು ಇದರಿಂದ ತಿಳಿಯಬೇಡಿ.

ನಾಯಕನಿಗೆ ನೂರಾರು ವರ್ಷ, ನಾಯಕಿಗೆ ಹದಿನೇಳು. ಇದು ತಪ್ಪಲ್ಲವೇ?

ಕೇಳಲೇಬೇಕಾದ ಪ್ರಶ್ನೆ. ಟ್ವೈಲೈಟ್‌ನ ನಾಯಕ ರಕ್ತಪಿಶಾಚಿಯಾಗಿದ್ದು 1918ರಲ್ಲಿ, ಹದಿನೇಳರ ಹರೆಯದಲ್ಲಿ. ನೋಡಲು ಇನ್ನೂ ಹದಿನೇಳು, ಬದುಕಿದ್ದು ನೂರರ ಹತ್ತಿರ. ಅಮರನ ಚಿತ್ರ ಹದಿಹರೆಯದವರನ್ನು ಸೆಳೆಯುವುದಕ್ಕೆ ಕಾರಣವಿದೆ. ಇಷ್ಟು ಕಾಲ ಬದುಕಿ, ಎಲ್ಲವನ್ನೂ ಕಂಡವನು ಯಾರಲ್ಲೂ ನಿಲ್ಲದ ಮನಸ್ಸನ್ನು ಈ ಸಾಧಾರಣ ಹುಡುಗಿಯಲ್ಲಿ ನಿಲ್ಲಿಸಿದ ಎಂಬುದು ದೊಡ್ಡ ಮನ್ನಣೆ. ಓದುಗರು ಅವನನ್ನು ಮುದುಕನೆಂದು ಕಾಣುವುದಿಲ್ಲ, ಕಾಲದಾಚೆ ನಿಂತವನೆಂದು ಕಾಣುತ್ತಾರೆ.

ಆದರೂ ಕಣ್ಣಿಡಬೇಕಾದ ಸಂಗತಿಗಳಿವೆ. ಅವನು ಹೇಳದೆ ಅವಳನ್ನು ಹಿಂಬಾಲಿಸುತ್ತಾನಾ? ಯಾರ ಜೊತೆ ಮಾತಾಡಬೇಕು, ಎಲ್ಲಿಗೆ ಹೋಗಬೇಕು ಎಂದು ಅವನೇ ನಿರ್ಧರಿಸುತ್ತಾನಾ? ಅವಳ ಒಳ್ಳೆಯದಕ್ಕೆಂದು ಸತ್ಯ ಮುಚ್ಚಿಡುತ್ತಾನಾ? ಇಂಥದ್ದು ಬಂದಾಗ ಕಥೆ ಅದನ್ನು ಪ್ರೇಮದ ಗುರುತೆಂದು ಮೆರೆಸುತ್ತದೋ, ತಪ್ಪೆಂದು ಎದುರಿಸುತ್ತದೋ ನೋಡಿ. ಅಸೂಯೆಯಿಂದ ಗೋಡೆಗೆ ಗುದ್ದುವ ನಾಯಕ ನನಗೆ ಸಹಿಸದು. ಅದನ್ನು ಆರಾಧಿಸುವ ಪುಸ್ತಕವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಈಚಿನ ಒಳ್ಳೆಯ ಕಾದಂಬರಿಗಳಲ್ಲಿ ನಾಯಕಿಯೇ ಇದನ್ನು ಎತ್ತಿ ಕೇಳುತ್ತಾಳೆ, ಜಗಳ ಮಾಡುತ್ತಾಳೆ, ಬೇಕಿದ್ದರೆ ಎದ್ದು ಹೋಗುತ್ತಾಳೆ.

ಪುಸ್ತಕ ಕಿತ್ತುಕೊಳ್ಳುವುದಕ್ಕಿಂತ ಅದರ ಬಗ್ಗೆ ಮಾತಾಡುವುದು ಒಳ್ಳೆಯದು. "ಆ ಜಾಗದಲ್ಲಿ ನೀನಿದ್ದಿದ್ದರೆ?" ಎಂದು ಕೇಳಿ ನೋಡಿ, ನೀವು ಎಣಿಸದಷ್ಟು ಖಡಕ್ಕಾದ ಉತ್ತರ ಬರುತ್ತದೆ.

ಮಗಳಿಗೆ 13 ವರ್ಷ. ಯಾವುದು ಕೊಡಬಹುದು, ಯಾವುದು ಬೇಡ ಎಂದು ಹೇಗೆ ಗೊತ್ತಾಗುತ್ತದೆ?

ಮುಖಪುಟ ನೋಡಿ ನಂಬಬೇಡಿ. ಹದಿಹರೆಯದವರ ಪುಸ್ತಕ, ದೊಡ್ಡವರ ಪುಸ್ತಕ ಎರಡಕ್ಕೂ ಈಗ ಅದೇ ಬಳ್ಳಿ, ಅದೇ ಕತ್ತಿ, ಅದೇ ಚಿನ್ನದ ಅಕ್ಷರ. ಒಂದು ಉದಾಹರಣೆ ಹೇಳಲೇಬೇಕು, ಯಾಕೆಂದರೆ ಗೊಂದಲ ಹೆಚ್ಚಾಗಿ ಇದರಿಂದಲೇ ಶುರುವಾಗುತ್ತದೆ. ಸಾರಾ ಜೆ. ಮಾಸ್ ಅವರ ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್ 2015ರಲ್ಲಿ ಯಂಗ್ ಅಡಲ್ಟ್ ಪಟ್ಟಿಯಲ್ಲಿ ಬಂತು. ಸರಣಿ ಮುಂದುವರಿದಂತೆ ಲೈಂಗಿಕ ದೃಶ್ಯಗಳು ಬಿಡಿಸಿ ಬಿಡಿಸಿ ಬಂದವು. 2020ರಲ್ಲಿ ಹೊಸ ಮುಖಪುಟದೊಂದಿಗೆ ಅದನ್ನು ದೊಡ್ಡವರ ಪುಸ್ತಕವಾಗಿ ಮತ್ತೆ ತಂದರು. ಹಳೆಯ ಪ್ರತಿಗಳು ಮಾತ್ರ ಇನ್ನೂ ಮಕ್ಕಳ ಕಪಾಟಿನಲ್ಲಿ ಸಿಗುತ್ತವೆ. ರೊಮ್ಯಾಂಟಸಿ (ರೊಮ್ಯಾನ್ಸ್, ಫ್ಯಾಂಟಸಿ ಎರಡೂ ಸೇರಿದ್ದು) ಎಂಬ ಹೆಸರಲ್ಲಿ ಈಗ ಮಾರಾಟವಾಗುವ ಬಹಳಷ್ಟು ಪುಸ್ತಕಗಳು ದೊಡ್ಡವರಿಗೆಂದೇ ಬರೆದವು. ನಾಯಕಿಗೆ ಇಪ್ಪತ್ತು ದಾಟಿದ್ದರೆ ಒಂದು ಸಲ ತಡೆದು ವಿಚಾರಿಸಿ.

ಪ್ರಕಾಶಕರು ಪುಸ್ತಕದ ಹಿಂಬದಿಯಲ್ಲೋ ವೆಬ್‌ಸೈಟಿನಲ್ಲೋ ಎಷ್ಟು ವಯಸ್ಸಿನವರಿಗೆ ಎಂದು ಹಾಕಿರುತ್ತಾರೆ. ಕೆಲವು ಲೇಖಕರು ಹಿಂಸೆ, ಸಾವು ಇತ್ಯಾದಿ ಇದೆಯೆಂದು ಮೊದಲ ಪುಟದಲ್ಲೇ ಎಚ್ಚರಿಸುತ್ತಾರೆ. ಸರಣಿಯ ಮೊದಲ ಭಾಗ ಮೃದುವಾಗಿದ್ದು ಮೂರನೆಯದು ಹಾಗಿಲ್ಲದಿರಬಹುದು, ಅದನ್ನೂ ನೋಡಿ. ಸಾಧ್ಯವಾದರೆ ನೀವೂ ಓದಿ, ಕಾವಲಿಗಾಗಿ ಅಲ್ಲ, ಜೊತೆಗಾಗಿ.

ಇವು ಹುಡುಗಿಯರಿಗೆ ಮಾತ್ರವೇ?

ಅಲ್ಲ. ಹುಡುಗರೂ ಓದುತ್ತಾರೆ, ಎಷ್ಟೋ ಸಲ ಯಾರಾದರೂ ನಕ್ಕಾರೆಂದು ಮುಖಪುಟ ಒಳಮಡಿಚಿ ಓದುತ್ತಾರೆ. ಆ ನಗು ಅನ್ಯಾಯ. ಒಬ್ಬರ ಮನಸ್ಸನ್ನು ಗಮನಿಸುವುದು, ಬೇಡ ಅಂದಾಗ ಸರಿದು ನಿಲ್ಲುವುದು, ನೋವಾದಾಗ ಬಾಯಿಬಿಟ್ಟು ಹೇಳುವುದು ಗಂಡುಮಕ್ಕಳಿಗೂ ಬೇಕಾದ ಓದೇ. ಈಗ ಇಬ್ಬರು ಹುಡುಗರ, ಇಬ್ಬರು ಹುಡುಗಿಯರ ಪ್ರೇಮವೇ ಕೇಂದ್ರವಾಗಿರುವ ಫ್ಯಾಂಟಸಿ ಕಾದಂಬರಿಗಳೂ ಬರುತ್ತಿವೆ. ತಮ್ಮಂಥವರು ಕತ್ತಿ ಹಿಡಿದು, ರಾಜ್ಯ ಉಳಿಸಿ, ಕೊನೆಗೆ ಪ್ರೀತಿಯನ್ನೂ ಪಡೆಯುವ ಕಥೆ ಸಿಗದೆ ಬೆಳೆದವರಿಗೆ ಇದು ಎಷ್ಟು ದೊಡ್ಡ ಮಾತೆಂದು ಬೇರೆಯವರಿಗೆ ಬೇಗ ಅರ್ಥವಾಗುವುದಿಲ್ಲ.

ಮೂವತ್ತು, ನಲವತ್ತು ದಾಟಿದವರು ಇವನ್ನು ಯಾಕೆ ಓದುತ್ತಾರೆ?

ಮೊದಲ ಸಲದ ತೀವ್ರತೆಗಾಗಿ. ಬಹುತೇಕ ಕಾದಂಬರಿಗಳು "ನಾನು" ಎಂದು, ಅನೇಕ ಸಲ ವರ್ತಮಾನ ಕಾಲದಲ್ಲೇ ಸಾಗುತ್ತವೆ. "ಅವನು ತಿರುಗುತ್ತಾನೆ. ನನ್ನ ಕೈ ನಡುಗುತ್ತದೆ." ಆ ಕ್ಷಣದಾಚೆ ಏನಿದೆಯೆಂದು ಹೇಳುವವಳಿಗೂ ಗೊತ್ತಿಲ್ಲ. ಮುಂದೆಲ್ಲ ಸರಿಹೋಗುತ್ತದೆ ಎಂದು ತಿಳಿದ ಹಿರಿಯ ದನಿ ಇಲ್ಲಿ ಇರುವುದಿಲ್ಲ. ಬದುಕು ನೋಡಿದವರಿಗೆ ಆ ತಿಳಿಯದ ಸ್ಥಿತಿಗೆ ಒಂದಿಷ್ಟು ಹೊತ್ತು ಮರಳುವುದೇ ಸುಖ. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಲವ್ ಟ್ರಯಾಂಗಲ್ ಇಲ್ಲದೆ ಕಥೆಯೇ ಇಲ್ಲವೇ?

ಇದೆ, ಈಗ ಬೇಕಾದಷ್ಟಿದೆ. ಒಂದು ಕಾಲಕ್ಕೆ ಪ್ರತಿ ಸರಣಿಯಲ್ಲೂ ಇಬ್ಬರು ಹುಡುಗರ ನಡುವೆ ನಾಯಕಿ ನಿಲ್ಲುತ್ತಿದ್ದಳು. ಇಬ್ಬರೂ ಅವಳ ಮುಂದಿನ ಬದುಕಿನ ಬೇರೆ ಬೇರೆ ದಾರಿಗಳಾಗಿದ್ದರೆ ಅದು ಚೆನ್ನಾಗಿತ್ತು. ಸುಮ್ಮನೆ ಓದುಗರನ್ನು ಎರಡು ಪಕ್ಷ ಮಾಡಲೆಂದು ತಂದಾಗ ಬೇಸರ ತರಿಸಿತು.

ಇದೆಲ್ಲ ವಾಸ್ತವದಿಂದ ಓಡಿಹೋಗುವ ಓದಲ್ಲವೇ?

ದಿ ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟಾಲ್ಕೀನ್ 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸ, 1947ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಸೆರೆಯಾಳು ಸೆರೆಮನೆಯಿಂದ ತಪ್ಪಿಸಿಕೊಳ್ಳುವುದನ್ನೂ ಸೈನಿಕ ರಣರಂಗ ಬಿಟ್ಟು ಓಡುವುದನ್ನೂ ಒಂದೇ ಎಂದು ಕಾಣಬಾರದು ಎಂಬ ವಾದ ಅದರಲ್ಲಿದೆ. ನನಗೆ ಅದು ಪೂರ್ತಿ ಒಪ್ಪಿಗೆ. ದಿನವಿಡೀ ಅಂಕ, ಹೋಲಿಕೆ, ಯಾರು ಏನಂದುಕೊಂಡಾರೋ ಎಂಬ ಅಂಜಿಕೆಯಲ್ಲಿ ಇರುವವರು ರಾತ್ರಿ ಒಂದು ಗಂಟೆ ಬೇರೆ ಆಕಾಶದಡಿ ಉಸಿರಾಡಿದರೆ ಅದನ್ನು ಹೇಡಿತನ ಅನ್ನಲಾಗದು. ನಿದ್ದೆ, ಊಟ, ಗೆಳೆಯರು ಎಲ್ಲವನ್ನೂ ಬಿಟ್ಟು ಓದುತ್ತಿದ್ದರೆ ಮಾತ್ರ ವಿಚಾರಿಸಬೇಕು. ಆಗಲೂ ಮೊದಲು ಕೇಳಬೇಕಾದ್ದು ಹಗಲಿನಲ್ಲಿ ಏನು ನಡೆಯುತ್ತಿದೆ ಎಂದು.

ಓದಲು ಎಲ್ಲಿಂದ ಶುರು ಮಾಡಲಿ?

ನಿಮಗೆ ಚಿಕ್ಕಂದಿನಲ್ಲಿ ಇಷ್ಟವಾಗಿದ್ದ ಒಂದು ಅಜ್ಜಿಕಥೆಯ ಮರುಕಥನದಿಂದ. ಕಥೆಯ ದಾರಿ ಗೊತ್ತಿರುವುದರಿಂದ ಹೊಸ ಲೋಕದ ಹೆಸರು, ನಕ್ಷೆ, ವಂಶಾವಳಿ ಭಾರವೆನಿಸುವುದಿಲ್ಲ. ಒಂದೇ ಸಂಪುಟದಲ್ಲಿ ಮುಗಿಯುವುದನ್ನು ಆರಿಸಿ. ಐವತ್ತು ಪುಟ ಓದಿಯೂ ಆ ಇಬ್ಬರು ಒಂದೇ ಕೋಣೆಯಲ್ಲಿ ಬಂದಾಗ ನಿಮಗೆ ಏನೂ ಅನ್ನಿಸದಿದ್ದರೆ ಕೆಳಗಿಟ್ಟು ಬೇರೆಯದು ತೆಗೆದುಕೊಳ್ಳಿ.

ನನಗೂ ಇಂಥದ್ದೊಂದು ಬರೆಯುವ ಆಸೆ. ಮೊದಲು ಏನು ಯೋಚಿಸಬೇಕು?

ಸಾಮಾನ್ಯವಾಗಿ ಎಲ್ಲರೂ ನಕ್ಷೆ ಬಿಡಿಸುವುದರಿಂದ ಶುರು ಮಾಡುತ್ತಾರೆ. ಅದಕ್ಕಿಂತ ಮುಂಚೆ ಆ ಇಬ್ಬರಿಗೆ ಒಬ್ಬರಿಂದೊಬ್ಬರಿಗೆ ಏನು ಅಪಾಯವಿದೆ ಎಂದು ಬರೆದುಕೊಳ್ಳಿ. ನಿಮ್ಮ ಲೋಕದ ಮಂತ್ರಕ್ಕೆ ಆ ಅಪಾಯದ ಜೊತೆ ನಂಟಿರಲಿ. ಮುಟ್ಟಿದವರ ನೆನಪೆಲ್ಲ ತನಗೆ ಕಾಣುವ ಶಕ್ತಿ ನಾಯಕಿಗಿದ್ದರೆ, ಗುಟ್ಟು ಹೊತ್ತ ಹುಡುಗ ಅವಳ ಕೈ ಹಿಡಿಯಲು ಹೆದರುತ್ತಾನೆ. ಆಗ ಕೈ ಹಿಡಿಯುವುದೊಂದೇ ಇಡೀ ಪುಸ್ತಕದ ದೊಡ್ಡ ಘಟನೆಯಾಗಬಲ್ಲದು. ಅದೇ ಹುಡುಗಿಗೆ ಬೆಂಕಿ ಉಗುಳುವ ಶಕ್ತಿ ಕೊಟ್ಟರೆ ಯುದ್ಧಕ್ಕೆ ಅನುಕೂಲವಾದೀತು, ಪ್ರೇಮಕ್ಕೆ ಏನೂ ದಕ್ಕುವುದಿಲ್ಲ. ಆಮೇಲೆ ನಕ್ಷೆ ಬಿಡಿಸಿ, ಎಷ್ಟು ಬೇಕಾದರೂ ಬಿಡಿಸಿ. ನಾಯಕಿಗೆ ಇಬ್ಬರು ಗೆಳತಿಯರನ್ನೂ ಕೊಡಿ. ಪ್ರೇಮ ಬಂದೊಡನೆ ಗೆಳತಿಯರು ಮಾಯವಾಗುವ ಪುಸ್ತಕಗಳು ಈಗಾಗಲೇ ಬೇಕಾದಷ್ಟಿವೆ.